ದೋಷರಹಿತ ತಟ್ಟೆಯ ಮೇಲೆ ನೀರಿನ ನಡವಳಿಕೆ

ಸಂಸ್ಥೆಯ ಪ್ರಯೋಗಾಲಯದಲ್ಲಿ ಲೋಹದ ಆಕ್ಸೈಡಿನ ಒಂದು ತಟ್ಟೆಯಿದ್ದು, ಅದು ಹೆಬ್ಬೆರಳ ಉಗುರಿನಷ್ಟು ಅಗಲವಿದೆ. ಖರೀದಿ ಅಧಿಕಾರಿಯವರ ಪ್ರಮಾಣಪತ್ರದಂತೆ ಸಂಪೂರ್ಣ ದೋಷರಹಿತವೂ ಆಗಿದೆ.

ಈ ತಟ್ಟೆಯನ್ನು ಗಾಳಿ ತೆಗೆದ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು, ಅದರ ಮೇಲೆ ನೀರಿನ ಅಣುಗಳನ್ನು ಅಷ್ಟಷ್ಟೇ ಬಿಟ್ಟು, ಸಂಶೋಧಕಿ ಆರು ವರ್ಷ ಕಣ್ಣು ನೆಟ್ಟು ಕೂತಿದ್ದಳು. ಬಹುಪಾಲು ಅಣುಗಳು ಬಂದು ತೆಪ್ಪಗೆ ಕೂರುತ್ತಿದ್ದವು. ಎಲ್ಲಿ ತಟ್ಟೆಯ ಒಂದು ಆಕ್ಸಿಜನ್ ಪರಮಾಣು ಇಲ್ಲವೋ ಅಲ್ಲಿಗೆ ಬಂದ ಅಣು ಮಾತ್ರ ಎರಡಾಗಿ ಒಡೆಯುತ್ತಿತ್ತು. ಅದನ್ನು ಮೊದಲ ಸಲ ಸೂಕ್ಷ್ಮದರ್ಶಕದ ತೆರೆಯ ಮೇಲೆ ಕಂಡ ದಿನ ಆಕೆ ಖುಷಿಗೆ ಅತ್ತೇಬಿಟ್ಟಿದ್ದಳು. ಇನ್ನು ವರದಿಗೆ ಕಚೇರಿಯ ಮೊಹರು ಬಿದ್ದರೆ ಡಾಕ್ಟರೇಟು ಕೈಗೆ ಬಂದಂತೆಯೇ.

ಖರೀದಿ ಅಧಿಕಾರಿ ವರದಿಯನ್ನು ಮೂರು ಸಲ ಓದಿದರು.

"ಏನಮ್ಮಾ, ತಟ್ಟೇಲಿ ದೋಷ ಇದೆ ಅಂತ ಬರೆದಿದೀಯ. ನೋಡಿ ಸಹಿ ಹಾಕಿದ್ದು ನಾನಲ್ವಾ?"

"ಒಂದು ಪರಮಾಣು ಇಲ್ಲ ಅಷ್ಟೇ ಸರ್. ಅದು ಕಣ್ಣಿಗೆ ಕಾಣೋದಲ್ಲ."

"ಕಾಣದೇ ಇರೋದು ಇಲ್ಲ ಅಂತ ನಿಂಗೆ ಹೇಗೆ ಗೊತ್ತಾಯ್ತು?"

"ಅಲ್ಲಿ ನೀರಿನ ಅಣು ಒಡೀತಲ್ಲ ಸರ್."

"ಹಾಗಾದ್ರೆ ತಪ್ಪು ನೀರಿಂದು."

ಸಮಿತಿ ಕೂತಿತು. ಕಾಣೆಯಾದ ಪರಮಾಣುವೂ ಸಂಸ್ಥೆಯ ಸ್ವತ್ತಾದ್ದರಿಂದ ಕಾವಲುಗಾರನ ಹೇಳಿಕೆ ಪಡೆಯಲಾಯಿತು. "ನನ್ನ ಪಾಳೀಲಿ ಯಾವ ಪರಮಾಣೂ ಗೇಟು ದಾಟಿಲ್ಲ" ಎಂದು ಆತ ಎದೆ ತಟ್ಟಿ ಹೇಳಿದ. ಆದಕಾರಣ ಪರಮಾಣು ಒಳಗೇ ಇದೆಯೆಂದು ತೀರ್ಮಾನವಾಗಿ, ಸುತ್ತೋಲೆ ಹೊರಟಿತು:

"ಸಂಸ್ಥೆಯ ತಟ್ಟೆಯ ಮೇಲೆ ಆಸೀನವಾಗುವ ನೀರಿನ ಅಣುಗಳು ಅಖಂಡವಾಗಿ ಇರತಕ್ಕದ್ದು. ಒಡೆಯಲಿಚ್ಛಿಸುವ ಅಣುಗಳು ಪೂರ್ವಾನುಮತಿ ಪಡೆಯತಕ್ಕದ್ದು. ಸಂಬಂಧಪಟ್ಟವರ ಗಮನಕ್ಕೆ ಬರುವಂತೆ ಈ ಸುತ್ತೋಲೆಯನ್ನು ಪೆಟ್ಟಿಗೆಯೊಳಗೆ ಅಂಟಿಸತಕ್ಕದ್ದು."

ಸಂಶೋಧಕಿ ಪೆಟ್ಟಿಗೆಗೆ ಅಡ್ಡ ನಿಂತಳು. "ಪೆಟ್ಟಿಗೆ ತೆಗೆದ್ರೆ ಗಾಳಿ ನುಗ್ಗುತ್ತೆ ಸರ್. ಅದರಲ್ಲಿರೋ ತೇವ ಎಲ್ಲಾ ತಟ್ಟೆ ಮೇಲೆ ಕೂತುಬಿಡುತ್ತೆ. ಆಮೇಲೆ ಯಾವ ಅಣು ಏನ್ ಮಾಡ್ತು ಅಂತ ಕಾಣೋದೇ ಇಲ್ಲ!"

"ಹೊರಗೆ ಅಂಟಿಸಿದ್ರೆ ಅವು ಓದೋದು ಹೇಗಮ್ಮಾ?"

ಪೆಟ್ಟಿಗೆ ತೆರೆದರು. ಗೋಂದು ಒಣಗುವಷ್ಟರಲ್ಲಿ ತೇವ ಪದರ ಪದರವಾಗಿ ಕವಿದು, ಆರು ವರ್ಷದ ತಟ್ಟೆ ಒಂದೇ ಸಮನೆ ಮಸುಕಾಯಿತು. ದೋಷ ಕಾಣಲಿಲ್ಲ, ಒಡೆದ ಅಣುವೂ ಕಾಣಲಿಲ್ಲ. ಅಧಿಕಾರಿ ತೆರೆಗೆ ಮೂಗು ತಾಗಿಸಿ ನೋಡಿ, "ಪಾಪ, ಹೇಳಿದ್ರೆ ಕೇಳ್ತವೆ" ಎಂದು ಮೆಚ್ಚಿಕೊಂಡರು. ಸಂಶೋಧಕಿ ವರದಿಯಲ್ಲಿ 'ಒಡೆಯುತ್ತದೆ' ಎಂದಿದ್ದುದನ್ನು 'ಒಡೆಯುವುದಿಲ್ಲ' ಎಂದು ತಿದ್ದಿದಳು. ಮೊಹರು ಬಿತ್ತು.

ಅಂತಿಮ ಪರೀಕ್ಷೆಗೆ ಹೊರಗಿನಿಂದ ಬಂದ ಪ್ರೊಫೆಸರು ಕನ್ನಡಕದ ಮೇಲಿಂದ ನೋಡಿದರು. "ಪರಮಾಣು ಇಲ್ಲದ ಜಾಗದಲ್ಲಿ ನೀರಿನ ಅಣು ಒಡೀಬೇಕಲ್ವೇನಮ್ಮಾ?"

ಅವಳು ತಿರುಗಿ ನೋಡಿದಳು. ಬಾಗಿಲ ಬಳಿ ಖರೀದಿ ಅಧಿಕಾರಿ ಕೂತಿದ್ದರು.

"ಒಡೀಬಹುದು ಸರ್, ಅನುಮತಿ ಕೇಳಿದ್ರೆ. ಇಲ್ಲೀವರೆಗೆ ಯಾವ ಅಣುವೂ ಅರ್ಜಿ ಹಾಕಿಲ್ಲ."

"ನಮ್ಮಲ್ಲೂ ಅಷ್ಟೇ" ಎಂದು ತಲೆದೂಗಿ, ಪ್ರೊಫೆಸರು ಡಾಕ್ಟರೇಟಿಗೆ ಶಿಫಾರಸು ಬರೆದರು.