ಡಾರ್ಕೋ ಮಾಸ್ಟರ್ ಮತ್ತು ಟೀವಿಯೊಳಗಿನ ಸವತ

ಪರಪುರುಷನೊಬ್ಬ ದಿನಾ ಸಂಜೆ ಆರಕ್ಕೆ ಸರಿಯಾಗಿ ಬಂದು ಹೆಂಡತಿಯ ಮನಸ್ಸು ಕದಿಯುತ್ತಿದ್ದರೆ ಯಾವ ಗಂಡ ತಾನೆ ಸುಮ್ಮನಿರುತ್ತಾನೆ? ಕುಮಾಸಿ ಪಟ್ಟಣದ ಡಾರ್ಕೋ ಮಾಸ್ಟರ್ ಎಂಟು ತಿಂಗಳು ಸುಮ್ಮನಿದ್ದರು. ಆತ ಟೀವಿ ಧಾರಾವಾಹಿಯೊಳಗಿದ್ದ ಎಂಬುದೊಂದೇ ಕಾರಣ.

ಡಾನ್ ಎವರಿಸ್ತೋ ಎಂದು ಅವನ ಹೆಸರು. ಅರವತ್ತು ದಾಟಿದ ಚಿತ್ರಕಾರ, ಬೆಳ್ಳಿಗೂದಲು, ಕುತ್ತಿಗೆಗೊಂದು ರೇಷ್ಮೆ ವಸ್ತ್ರ. ಹುಟ್ಟಿದ್ದು ಸಮುದ್ರದಾಚೆ, ಮಾತು ಮಾತ್ರ ಅಪ್ಪಟ ಕುಮಾಸಿಯ ಟ್ವಿ ಭಾಷೆ (ಎಲ್ಲ ಡಬ್ಬಿಂಗ್ ಮಹಿಮೆ). ಅವನು ನಾಯಕಿಯನ್ನು ಕಿಟಕಿಯ ಬಳಿ ಕೂರಿಸಿ ಚಿತ್ರ ಬರೆಯುವಾಗ ಅವಳು "ಮಾಸ್ಟ್ರೇ" ಎಂದು ಉಸಿರುಬಿಡುತ್ತಿದ್ದಳು. ಆಗ ಇತ್ತ ಊಟದ ಅಂಗಡಿಯಲ್ಲಿ ಡಾರ್ಕೋ ಹೆಂಡತಿ ಸೆರ್ವಾಳ ಸೌಟು ಸಾರಿನ ಮಧ್ಯದಲ್ಲೇ ನಿಂತುಬಿಡುತ್ತಿತ್ತು. ಗಿರಾಕಿಗಳ ಫೂಫೂ ಮುದ್ದೆ ಆರಿ ಕಲ್ಲಾಗುತ್ತಿತ್ತು.

ಡಾರ್ಕೋಗೆ ಚುಚ್ಚಿದ್ದು ಆ ಒಂದು ಮಾತು. ಒಂದು ಕಾಲದಲ್ಲಿ ಸೆರ್ವಾ ಹಾಗೆ ಕರೆಯುತ್ತಿದ್ದುದು ಅವರನ್ನು. ಅವರು ಹಿಟ್ಟಿನ ಚೀಲಗಳನ್ನು ಬಿಚ್ಚಿ ಒಂದಕ್ಕೊಂದು ಹೊಲಿದು, ಅದರ ಮೇಲೆ ವೀಡಿಯೊ ಟಾಕೀಸುಗಳಿಗೆ ಸಿನಿಮಾ ಪೋಸ್ಟರ್ ಬರೆಯುತ್ತಿದ್ದ ದಿನಗಳವು. ಬೇಕರಿಯ ಹುಡುಗಿ ಸೆರ್ವಾ ಖಾಲಿ ಚೀಲ ಹೊತ್ತು ಬಂದು, "ಮಾಸ್ಟ್ರೇ, ಇವತ್ತು ಎರಡೇ ಸಿಕ್ಕಿದ್ದು" ಎನ್ನುತ್ತಿದ್ದಳು. ಆಮೇಲಿನ ಮೂರು ವರ್ಷ ಯಾವ ದೇಶದ ಸಿನಿಮಾ ಬಂದರೂ ನಾಯಕಿಗೆ ಸೆರ್ವಾಳದೇ ಮುಖ. ಟಾಕೀಸು ಮುಚ್ಚಿದವು. ಮಾಸ್ಟರ್ ಗೋಡೆಗಳ ಮೇಲೆ 'ಇಲ್ಲಿ ಮೂತ್ರ ಮಾಡಬಾರದು' ಎಂದು ಬರೆಯತೊಡಗಿದರು. ಮನೆಯಲ್ಲಿ ಬರೀ 'ರೀ' ಆದರು.

'ಮಾಸ್ಟ್ರೇ' ಪದವಿಯನ್ನು ಮರಳಿ ಪಡೆಯಲೇಬೇಕೆಂದು ತಲೆಗೆ ಬಣ್ಣ ಹಚ್ಚುವುದನ್ನು ಬಿಟ್ಟರು. ಮೂರು ವಾರದಲ್ಲಿ ಬುಡ ಬಿಳಿ, ತುದಿ ಕಪ್ಪು. ಭಾನುವಾರ ಚರ್ಚಿನಿಂದ ಬಂದವರೇ ಹೆಂಡತಿಯನ್ನು ಕಿಟಕಿಯ ಬಳಿ ಕೂರಿಸಿದರು.

"ಅಲ್ಲಾಡ್ಬೇಡ."

"ಸಾರು ತಳ ಹಿಡಿಯುತ್ತೆ ರೀ."

"ಎವರಿಸ್ತೋ ಮುಂದೆ ಆ ಹುಡುಗಿ ಸಾರಿನ ಮಾತೆತ್ತಿದ್ಳಾ?"

"ಅವಳಿಗೆ ಅಡುಗೆಯವಳಿದ್ದಾಳೆ. ಅಂದಹಾಗೆ, ನೀವು ಕುತ್ತಿಗೆಗೆ ಸುತ್ಕೊಂಡಿರೋದು ನನ್ನ ಪಾತ್ರೆ ಒರೆಸೋ ಬಟ್ಟೆ."

ಮಾಸ್ಟರ್ ಕಲಾತಪಸ್ಸಿನಲ್ಲಿ ಮುಳುಗಿದರು. ಮುಖ ಸೊಗಸಾಗಿ ಬಂತು. ಆದರೆ ಸುತ್ತ ಒಂದಿಷ್ಟು ಜಾಗ ಉಳಿಯಿತು. ಹಳೆಯ ಕಸುಬಿನಲ್ಲಿ ಖಾಲಿ ಜಾಗವೆಂದರೆ ಮಹಾಪಾಪ. ಪೋಸ್ಟರಿನಲ್ಲಿ ಹಾವಿಲ್ಲದಿದ್ದರೆ ಜನ ಬರುವುದಿಲ್ಲ ಎಂದು ಟಾಕೀಸಿನವರು ಬೈದು ಬೈದು ಕಲಿಸಿದ್ದರು. ಕೈ ತನ್ನ ಪಾಡಿಗೆ ತಾನು ಓಡಿತು. ಎಚ್ಚರವಾಗುವಷ್ಟರಲ್ಲಿ ಸೆರ್ವಾಳ ಕೊರಳಿಗೆ ಹೆಬ್ಬಾವು, ಬೆನ್ನ ಹಿಂದೆ ಬೆಂಕಿ, ಕೈಯಲ್ಲಿ ರಕ್ತ ಸುರಿಯುವ ಮಚ್ಚು. ಜೀವಂತ ಸೆರ್ವಾ ಅವರ ಹಿಂದೆಯೇ ನಿಂತಿದ್ದಳು.

ಅವಳು ಚಿತ್ರವನ್ನು ಒಯ್ದು ಅಂಗಡಿಯ ಮುಂದೆ ತೂಗುಹಾಕಿದಳು. ಮಾನ ಹೋಯಿತೆಂದು ಮಾಸ್ಟರ್ ಒಳಗೆ ಅಡಗಿದರು. ಮರುದಿನ "ಆಂಟಿ, ಈ ಸಿನಿಮಾ ಯಾವಾಗ?" ಎಂದು ಕೇಳಲು ಬಂದವರೆಲ್ಲ ಉಂಡೇ ಹೋದರು. ಎರಡು ಗಂಟೆಗೆ ಸಾರಿನ ಪಾತ್ರೆ ಖಾಲಿ.

ಸಂಜೆ ಸೆರ್ವಾ ಚಿತ್ರವನ್ನೇ ನೋಡುತ್ತ ಕೂತಿದ್ದಳು. "ಆಗೆಲ್ಲ ಪೋಸ್ಟರಲ್ಲಿ ನನ್ನ ಮುಖ ಇದೆ ಅಂತ ಗೆಳತೀರ್ನ ಕರ್ಕೊಂಡು ಹೋಗಿ ತೋರಿಸ್ತಿದ್ದೆ. ಹಾವಿನ ರಾಣಿ ಅಂತ ರೇಗಿಸೋರು. ನಿಮ್ಮ ಕೈ ನನ್ನ ಮರೆತೇಬಿಡ್ತು ಅಂದ್ಕೊಂಡಿದ್ದೆ."

ಮಾಸ್ಟರ್ ಎದ್ದರು. ಕುತ್ತಿಗೆಯ ಬಟ್ಟೆ ಸರಿಪಡಿಸಿಕೊಂಡು, ಥೇಟ್ ಎವರಿಸ್ತೋನಂತೆ ಸೊಂಟಕ್ಕೆ ಕೈಯಿಟ್ಟು ಅವಳೆದುರು ನಿಂತರು.

"ಮಾಸ್ಟ್ರೇ," ಎಂದಳು ಸೆರ್ವಾ. ಎಷ್ಟೋ ವರ್ಷಗಳ ನಂತರ ಅದೇ ಮಾತು, ಅದೇ ದನಿ.

"ಹೇಳು ಸೆರ್ವಾ."

"ಸ್ವಲ್ಪ ಪಕ್ಕಕ್ಕೆ ಸರೀರಿ. ಆರು ಗಂಟೆ ಆಯ್ತು, ಟೀವಿ ಕಾಣ್ತಿಲ್ಲ."