ವಿಸಿಲ್ ಆಗದೆ ಗಾಳಿ ಬರುವುದಿಲ್ಲ

ಅದು ಜನವರಿಯ ಒಂದು ಮಂಗಳವಾರ. ಗಾಳಿ ಇರಲಿಲ್ಲ, ಮೋಡ ಇರಲಿಲ್ಲ. ನಮ್ಮವರು ಟೆರೇಸಿಗೆ ಹೋಗಿ ಛಾವಣಿ ಶೀಟಿನ ಬೋಲ್ಟುಗಳನ್ನು ಒಂದು ಸುತ್ತು ಬಿಗಿ ಮಾಡಿದರು. ಅಲ್ಲೇ ಬೆತ್ತದ ಕುರ್ಚಿಯಲ್ಲಿ ಕುಳಿತು, "ಚಾ ಮಾಡ್ತೀಯಾ?" ಎಂದು ಕೇಳಿದರು. ನಾನು ಚಾ ಹಿಡಿದು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಆಮೇಲೆ ಸುಮ್ಮನೆ ಒಳಗೆ ಕೂತುಬಿಡೋಣ ಎಂದುಕೊಂಡಿದ್ದೆ. ನಮ್ಮ ಓಣಿ ಬಿಡಲಿಲ್ಲ. ಮಳೆಗಾಳಿಯ ಎಚ್ಚರಿಕೆ ಬಂದಾಗಲೆಲ್ಲ ಇಲ್ಲಿ ಏನಾದರೊಂದು ನಡೆದೇ ನಡೆಯುತ್ತದೆ, ನಗದೆ ಬೇರೆ ದಾರಿಯಿರುವುದಿಲ್ಲ.

ಕುಲಶೇಖರದ ಮುಖ್ಯರಸ್ತೆಯಿಂದ ಇಳಿಯುವ ನಮ್ಮ ಓಣಿ ತೋಡಿನ, ಅಂದರೆ ಸಣ್ಣ ಹಳ್ಳದ, ಬದಿಯಲ್ಲಿ ಮುಗಿಯುತ್ತದೆ. ಮೇಲಿನ ತುದಿಯಲ್ಲಿ ನಮ್ಮ ಮನೆ, ಕೆಳಗಿನ ತುದಿಯಲ್ಲಿ ನಿವೃತ್ತ ನರ್ಸ್ ಒಬ್ಬರ ಮನೆ. ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಗೌರವದಿಂದ ಬಾಯಿ ಎನ್ನುತ್ತಾರೆ. ಓಣಿಗೆಲ್ಲ ಅವರು ಬಾಯಿ, ನಾನು ಟೀಚರ್, ನಮ್ಮವರು ಶೆಟ್ರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರು ಓಣಿಯ ಮಳೆಗಾಳಿಯ ಉಸ್ತುವಾರಿಯನ್ನು ಯಾರೂ ಕೊಡದೆ ತಾವೇ ವಹಿಸಿಕೊಂಡರು. ಎಚ್ಚರಿಕೆ ಬಂದರೆ ಓಣಿಯ ಮಧ್ಯೆ ನಿಂತು ಮೂರು ಸಲ ವಿಸಿಲ್ ಊದುವರು. ಕಾರುಗಳು ತೆಂಗಿನ ಮರದ ಅಡಿಯಿಂದ ಹೊರಗೆ ಬರಬೇಕು, ಹೂಕುಂಡಗಳು ಒಳಗೆ ಹೋಗಬೇಕು, ಚರಂಡಿಯ ಜಾಲರಿಯಿಂದ ಕಸ ತೆಗೆಯಬೇಕು.

ಹೋಗುವುದಕ್ಕೆ ಸ್ವಲ್ಪ ಮೊದಲು ಅವರು ಬಾಯಿಗೆ ಒಂದು ಮಾತು ಕೊಟ್ಟಿದ್ದರು. "ಡಿಸೆಂಬರಿನಲ್ಲಿ ಮಗಳ ರೋಸ್ ಅಲ್ವಾ? ಚಪ್ಪರದ ಜವಾಬ್ದಾರಿ ನನ್ನದು. ಒಂದು ಹನಿ ಒಳಗೆ ಬಿದ್ರೆ ನನ್ನನ್ನು ಕೇಳಿ." ರೋಸ್ ಎಂದರೆ ಮದುವೆಯ ಮುನ್ನಾದಿನ ಮದುಮಗಳಿಗೆ ಎಣ್ಣೆ ಹಚ್ಚಿ ತೆಂಗಿನ ಹಾಲು ಎರೆಯುವ ಶಾಸ್ತ್ರ. ಮಾತು ಕೊಟ್ಟವರು ಹೋದರು, ಮಾತು ನನ್ನ ಪಾಲಿಗೆ ಬಂತು. ಅದರ ಜೊತೆಗೆ ವಿಸಿಲೂ ಬಂತು.

ಮೂರು ವಿಸಿಲ್

ಆ ವರ್ಷದ ಮೊದಲ ಎಚ್ಚರಿಕೆ ಬಂದದ್ದು ಮೇ ತಿಂಗಳಲ್ಲಿ. ಓಣಿಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಅದನ್ನು ಹಾಕಿದರು. ಕೆಂಪು ಬಣ್ಣದ ನಕ್ಷೆ ಬಂತು, ಕೈಮುಗಿದ ಚಿತ್ರಗಳು ಬಂದವು, ಯಾವುದೋ ದೇಶದಲ್ಲಿ ಲಾರಿ ಹಾರಿಹೋಗುವ ವಿಡಿಯೋ ಬಂತು. ನಮ್ಮ ಓಣಿಯಲ್ಲಿ ಮಾತ್ರ ಒಂದು ಕಾರೂ ಅಲುಗಲಿಲ್ಲ.

ನಾನು ಹೊರಗೆ ಬಂದು ಪಕ್ಕದ ಮನೆಯ ಹಾಜಿಯವರನ್ನು ಕೇಳಿದೆ. ಬಂದರಿನಲ್ಲಿ ಅವರದ್ದು ಸಗಟು ವ್ಯಾಪಾರದ ಗೋಡೌನ್ ಉಂಟು.

"ಹಾಜಿಯವರೇ, ಮೆಸೇಜ್ ನೋಡ್ಲಿಲ್ವಾ?"

"ನೋಡಿದ್ದೇನೆ ಟೀಚರ್. ನಾನೇ ಎರಡು ಸಲ ಕಳಿಸಿದ್ದೇನೆ."

"ಮತ್ತೆ ಕಾರು?"

"ವಿಸಿಲ್ ಆಗ್ಲಿಲ್ಲ ಅಲ್ವಾ?"

ಹವಾಮಾನ ಇಲಾಖೆಯವರು ಉಪಗ್ರಹದಿಂದ ನೋಡಿ ಹೇಳಿದ್ದು ನಮ್ಮ ಓಣಿಯವರಿಗೆ ಸಾಕಾಗಿರಲಿಲ್ಲ. ಒಳಗೆ ಹೋಗಿ ಮೊಳೆಗೆ ನೇತುಹಾಕಿದ್ದ ವಿಸಿಲನ್ನು ತಂದೆ. ತರಗತಿಯಲ್ಲಿ ನಾನು ದನಿ ಎತ್ತಿದವಳಲ್ಲ, ವಿಸಿಲ್ ಊದಿದ್ದಂತೂ ಜನ್ಮದಲ್ಲಿ ಇಲ್ಲ. ಉಸಿರು ಕಟ್ಟಿ ಊದಿದೆ. ನಮ್ಮವರು ಊದಿದರೆ ಬಸ್ಸಿನ ಕಂಡಕ್ಟರನ ಹಾಗೆ ಚುರುಕಾಗಿ ಬರುತ್ತಿದ್ದ ಶಬ್ದ ನನ್ನ ಬಾಯಲ್ಲಿ ಉದ್ದಕ್ಕೆ, ಹಬೆ ಬಿಟ್ಟ ಹಾಗೆ ಬಂತು. ಮೂರು ಸಲವೂ ಹಾಗೆಯೇ.

ಕಾರುಗಳು ನಿಂತಲ್ಲೇ ಇದ್ದವು. ಸ್ವಲ್ಪ ಹೊತ್ತಿನಲ್ಲಿ ಬಾಯಿ ಸೌಟು ಹಿಡಿದು ಗೇಟಿಗೆ ಬಂದರು.

"ಅದು ನೀವಾ ಟೀಚರ್? ಮೂರು ಆಯ್ತು ಅಂತ ನಾನು ಗ್ಯಾಸ್ ಬಂದ್ ಮಾಡಿದೆ ಮಾರಾಯ್ರೆ!"

ಉಳಿದ ಗೇಟುಗಳಿಂದಲೂ ಅದೇ ವರದಿ ಬಂತು. ವಿಷಯ ತಿಳಿದ ಮೇಲೆ ಕಾರುಗಳೂ ಸರಿದವು. ಆ ಮಧ್ಯಾಹ್ನ ನಮ್ಮ ಓಣಿಯ ಕಾರುಗಳೆಲ್ಲ ಸುರಕ್ಷಿತವಾಗಿದ್ದವು. ಅನ್ನ ಮಾತ್ರ ಒಂದು ಮನೆಯಲ್ಲೂ ಬೆಂದಿರಲಿಲ್ಲ.

ಅಭ್ಯಾಸ

ಜೂನಿನಲ್ಲಿ ಒಂದು ಅಭ್ಯಾಸ ಮಾಡಿಸೋಣ ಎಂದು ನಾನೇ ಹೇಳಿದೆ. ತೋಡು ಉಕ್ಕಿದರೆ ಕೆಳಗಿನ ಮನೆಯವರು ನಮ್ಮ ಟೆರೇಸಿಗೆ ಬರಬೇಕು, ಅದಕ್ಕೆ ಶೀಟಿನ ಮಾಡು ಉಂಟು. ಒಂದು ಕೈಚೀಲ ಮಾತ್ರ ತರಬೇಕು. ಅದರಲ್ಲಿ ಆಧಾರ್ ಕಾರ್ಡ್, ಔಷಧಿ, ಟಾರ್ಚ್ ಮತ್ತು ನೀರು. ಎಲ್ಲರಿಗೂ ಬಿಡಿಸಿ ಹೇಳಿದ್ದೆ, ಪರೀಕ್ಷೆಯ ಹಿಂದಿನ ದಿನ ಮಕ್ಕಳಿಗೆ ಹೇಳುವ ಹಾಗೆ.

ಆದಿತ್ಯವಾರ ವಿಸಿಲ್ ಊದಿದೆ. ಅಷ್ಟರಲ್ಲಿ ನನಗೆ ಊದಲು ಬರುತ್ತಿತ್ತು. ಎಲ್ಲರೂ ಬಂದರು, ಸಮಯಕ್ಕೆ ಸರಿಯಾಗಿ ಬಂದರು. ನನಗೆ ಹೆಮ್ಮೆಯಾಯಿತು. ಕೊನೆಗೆ ಬಾಯಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಎರಡೂ ಕೈಯಲ್ಲಿ ಬಟ್ಟೆ ಸುತ್ತಿದ ಒಂದು ಮಣ್ಣಿನ ಪಾತ್ರೆ.

"ಬಾಯಿ, ಇದು ಎಂತ?"

"ನಿನ್ನೆಯ ಬಂಗುಡೆ ಮೀನಿನ ಸಾರು."

"ಆಧಾರ್ ಕಾರ್ಡ್ ಎಲ್ಲಿ?"

"ಅದು ನೀರಲ್ಲಿ ಹೋದ್ರೆ ಸರಕಾರ ಇನ್ನೊಂದು ಕೊಡ್ತದೆ ಟೀಚರ್. ಈ ಸಾರನ್ನು ಯಾರು ಕೊಡ್ತಾರೆ?"

ಅಷ್ಟರಲ್ಲಿ ಹಾಜಿಯವರು ತಮ್ಮ ಕೈಚೀಲ ಬಿಚ್ಚಿದರು. ಅದರೊಳಗೆ ಟಾರ್ಚ್ ಇತ್ತು, ನೀರಿತ್ತು, ಔಷಧಿಯಿತ್ತು. ಎಲ್ಲದರ ಅಡಿಯಲ್ಲಿ ಒಂದು ಕಟ್ಟು ನೀರುದೋಸೆಯೂ ಇತ್ತು.

"ಬಾಯಿ ಎಂತ ತರ್ತಾರೆ ಅಂತ ನನಗೆ ಗೊತ್ತಿತ್ತು," ಎಂದರು. "ಇದಕ್ಕೇ ಅಲ್ವಾ ಟೀಚರ್, ಮುನ್ನೆಚ್ಚರಿಕೆ ಅನ್ನುವುದು?"

ವಾಲಿದ ಮರ

ಬಾಯಿಯ ಅಂಗಳದಲ್ಲಿ ಒಂದು ತೆಂಗಿನ ಮರ ವಾಲಿ ನಿಂತಿತ್ತು. ಅದನ್ನು ಕಡಿಸಿ ಎಂದು ನಮ್ಮವರು ಪ್ರತಿ ಮಳೆಗಾಲವೂ ಹೇಳುತ್ತಿದ್ದರು. ರೋಸಿನ ಚಪ್ಪರವೂ ಅದೇ ಅಂಗಳದಲ್ಲಿ ಬರುವುದರಿಂದ ನಾನು ಹೋಗಿ ಮತ್ತೊಮ್ಮೆ ಹೇಳಿದೆ.

"ಶೆಟ್ರೂ ಹೀಗೆಯೇ ಬಂದು ಹೇಳ್ತಿದ್ರು," ಎಂದರು ಬಾಯಿ. "ನಾನು ಅದರದ್ದೇ ಎರಡು ಕಾಯಿ ಕೊಡ್ತಿದ್ದೆ. ತಗೊಂಡು ಹೋಗ್ತಿದ್ರು. ನಿಮಗೆ ಹೇಳ್ಲಿಲ್ವಾ?"

ಹೇಳಿರಲಿಲ್ಲ. ಮಾರ್ಕೆಟಿನ ಕಾಯಿ ಎಂದುಕೊಂಡು ನಾನು ವರ್ಷಗಟ್ಟಲೆ ಆ ಅಪಾಯಕಾರಿ ಮರದ ಚಟ್ನಿ ಅರೆದಿದ್ದೆ. ಮುಂದೆ ವಾದಿಸಲು ನನಗೆ ನೈತಿಕ ಅಧಿಕಾರ ಉಳಿದಿರಲಿಲ್ಲ.

"ಮಗಳ ರೋಸಿಗೆ ಇದೇ ಮರದ ಕಾಯಿ," ಎಂದು ಬಾಯಿ ಮಾತು ಮುಗಿಸಿದರು. "ಆಮೇಲೆ ನೋಡುವ."

ಹೊರಡುವಾಗ ನನಗೂ ಎರಡು ಕಾಯಿ ಕೊಟ್ಟರು. ತಗೊಂಡು ಬಂದೆ.

ರಜೆ

ಜುಲೈಯ ಒಂದು ಬೆಳಿಗ್ಗೆ ನಮ್ಮ ಶಾಲೆಯ ಹುಡುಗಿಯೊಬ್ಬಳ ತಾಯಿ ಫೋನ್ ಮಾಡಿದರು.

"ಟೀಚರ್, ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟಿದ್ದಾರಂತೆ. ಹೌದಾ?"

"ಹೌದು, ಆದೇಶ ಬಂದಿದೆ."

"ಅದು ಸರಿ. ನಿಮ್ಮ ಓಣಿಯಲ್ಲಿ ವಿಸಿಲ್ ಆಯ್ತಾ?"

"ಇಲ್ಲ, ಇಲ್ಲಿ ಬಿಸಿಲು ಉಂಟು."

"ಹಾಗಾದ್ರೆ ಬಟ್ಟೆ ಒಣಗ್ಲಿಕ್ಕೆ ಹಾಕ್ತೇನೆ," ಎಂದು ಫೋನ್ ಇಟ್ಟರು.

ರೋಸ್

ಡಿಸೆಂಬರ್ ಬಂತು. ಮಳೆಗಾಲ ಮುಗಿದು ಓಣಿಯವರೆಲ್ಲ ಕೊಡೆಗಳನ್ನು ಕಪಾಟಿನ ಮೇಲೆ ಎತ್ತಿಟ್ಟಿದ್ದರು. ಬಾಯಿಯ ಅಂಗಳದಲ್ಲಿ ಚಪ್ಪರ ಎದ್ದಿತು, ನಕ್ಷತ್ರದ ಗೂಡುದೀಪಗಳು ತೂಗಿದವು. ವಾಲಿದ ಮರದ ಮೇಲೆ ಮಾತ್ರ ಕಾಯಿ ಹಾಗೆಯೇ ಉಳಿದಿತ್ತು. ಕೊಯ್ಯಲು ಬಂದವನು ಒಮ್ಮೆ ಮೇಲೆ ನೋಡಿ, "ನನಗೆ ಹೆಂಡತಿ ಮಕ್ಕಳಿದ್ದಾರೆ ಬಾಯಿ," ಎಂದು ಹೊರಟುಹೋಗಿದ್ದ. ರೋಸಿಗೆ ಕಾಯಿಯನ್ನು ಅಂಗಡಿಯಿಂದ ತರಿಸಬೇಕಾಯಿತು. ಆ ಖರ್ಚಿನ ಸಿಟ್ಟು ಬಾಯಿಯ ಮುಖದಲ್ಲಿ ಎದ್ದು ಕಾಣುತ್ತಿತ್ತು.

ರೋಸಿನ ದಿನ ಬೆಳಿಗ್ಗೆಯೇ ಸುದ್ದಿ ಬಂತು. ಪೂರ್ವ ಕಡೆಯ ಸಮುದ್ರದಲ್ಲಿ ಎದ್ದ ಚಂಡಮಾರುತ ತಮಿಳುನಾಡನ್ನು ದಾಟಿ ನಮ್ಮ ಕಡೆ ತಿರುಗಿದೆ, ಸಂಜೆಯೊಳಗೆ ಭಾರೀ ಗಾಳಿಮಳೆ. ನಾನು ಟೆರೇಸಿನಿಂದ ಪೂರ್ವದ ಆಕಾಶ ನೋಡಿದೆ. ನಮ್ಮವರು ಇದ್ದಿದ್ದರೆ ಆ ಬಣ್ಣ ಕಂಡ ಕೂಡಲೇ ಬೆತ್ತದ ಕುರ್ಚಿಯಿಂದ ಎದ್ದಿರುತ್ತಿದ್ದರು. ಆ ಕುರ್ಚಿಯಲ್ಲಿ ಜನವರಿಯ ನಂತರ ಯಾರೂ ಕುಳಿತಿರಲಿಲ್ಲ. ವಿಸಿಲ್ ತಗೊಂಡು ಕೆಳಗೆ ಇಳಿದೆ.

ಬಾಯಿ ಚಪ್ಪರದ ಕಂಬವನ್ನು ಹಿಡಿದುಕೊಂಡು ನಿಂತರು.

"ಡಿಸೆಂಬರಿನಲ್ಲಿ ಮಳೆ ಎಂತದ್ದು ಟೀಚರ್? ನಾನು ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿ ಬಂದಿದ್ದೇನೆ."

"ಗಾಳಿ ಬಂದ್ರೆ ಮೇಣದಬತ್ತಿಯೂ ಆರ್ತದೆ ಬಾಯಿ. ಚಪ್ಪರ ಬಿಚ್ಚಬೇಕು. ಆ ಮರದ ಅಡಿಯಲ್ಲಿ ಜನರನ್ನು ಕೂರಿಸಬಾರದು."

"ಮತ್ತೆ ನನ್ನ ಮಗಳ ರೋಸ್ ಎಲ್ಲಿ? ಬಸ್‌ಸ್ಟಾಂಡಿನಲ್ಲಾ?"

ಹಾಜಿಯವರು ನಡುವೆ ಬಂದರು. "ಟೀಚರ ಟೆರೇಸ್ ಉಂಟಲ್ಲ. ಶೆಟ್ರು ಹಾಕಿಸಿದ ಶೀಟು. ಹೆಲಿಕಾಪ್ಟರ್ ಇಳಿದ್ರೂ ಅಲುಗುವುದಿಲ್ಲ."

ಎಲ್ಲರೂ ನನ್ನ ಕಡೆ ನೋಡಿದರು. ಆ ವರ್ಷ ನಮ್ಮ ಮನೆಯಲ್ಲಿ ಚೌತಿ ಇರಲಿಲ್ಲ, ದೀಪಾವಳಿ ಇರಲಿಲ್ಲ.

"ಬಾಯಿ," ಎಂದೆ, "ವರ್ಷ ತುಂಬದ ಮನೆ. ನಮ್ಮಲ್ಲಿ ಇಂಥ ಮನೆಯಲ್ಲಿ ಶುಭಕಾರ್ಯ ಮಾಡುವುದಿಲ್ಲ. ಮದುಮಗಳಿಗೆ ಏನಾದರೂ..."

ಬಾಯಿ ಕಂಬ ಬಿಟ್ಟು ನನ್ನ ಕೈ ಹಿಡಿದರು. ನರ್ಸ್ ಆಗಿದ್ದವರು, ನಾಡಿ ನೋಡುವವರ ಹಾಗೆ ಹಿಡಿದರು.

"ಚಪ್ಪರದ ಜವಾಬ್ದಾರಿ ಯಾರದ್ದು? ಶೆಟ್ರದ್ದು. ಶೆಟ್ರ ಚಪ್ಪರ ಅಲ್ಲಿ ಮೇಲೆ ಉಂಟು. ಇನ್ನು ಶಾಸ್ತ್ರದ ಮಾತಾ? ನಿಮ್ಮ ಶಾಸ್ತ್ರ ನಮಗಿಲ್ಲ, ನಮ್ಮ ಶಾಸ್ತ್ರ ನಿಮಗಿಲ್ಲ. ಬೇಗ ನಡೀರಿ, ತೆಂಗಿನ ಹಾಲು ಹುಳಿಯಾಗ್ತದೆ!"

ನಾನು ಮೂರು ಸಲ ವಿಸಿಲ್ ಊದಿದೆ.

ಆಮೇಲಿನದನ್ನು ನೋಡಬೇಕಿತ್ತು. ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಕಾರುಗಳು ಸರಿದವು. ಜಾಲರಿಯ ಕಸ ಹೊರಬಂತು. ಹಾಜಿಯವರ ಗೋಡೌನಿನಿಂದ ಟಾರ್ಪಾಲು ಬಂದು ಟೆರೇಸಿನ ಬದಿಗಳನ್ನು ಮುಚ್ಚಿತು. ಚಪ್ಪರ ಬಿಚ್ಚಿಯಾಯಿತು, ಕುರ್ಚಿಗಳು ಕೈಯಿಂದ ಕೈಗೆ ಮೇಲೆ ಹೋದವು, ಅಡುಗೆಯ ಒಲೆ ನಮ್ಮ ಮನೆ ಹಿಂದಿನ ಶೆಡ್ಡಿಗೆ ಬಂತು. ಅಂದಿನಷ್ಟು ಹೆಮ್ಮೆ ನನಗೆ ನಮ್ಮ ಶಾಲೆಯ ಹತ್ತನೆಯ ತರಗತಿಯ ಫಲಿತಾಂಶ ಬಂದಾಗಲೂ ಆದದ್ದಿಲ್ಲ.

ಸಂಜೆ ಮದುಮಗಳು ಮೇಲೆ ಬಂದಳು. ಫಳ್ನೀರಿನ ಆಸ್ಪತ್ರೆಯೊಂದರಲ್ಲಿ ಅವಳೂ ನರ್ಸ್. ಕೂರಿಸಲು ತಂದ ಸ್ಟೂಲು ಸಿಗಲಿಲ್ಲ. ಅವಳು ಸುತ್ತ ನೋಡಿ ಬೆತ್ತದ ಕುರ್ಚಿಯಲ್ಲಿ ಕುಳಿತಳು. ಯಾರೋ ತಡೆಯಲು ಹೊರಟರು. ಇರಲಿ ಎಂದು ನಾನು ಕೈಸನ್ನೆ ಮಾಡಿದೆ.

ಅಷ್ಟರಲ್ಲಿ ಗಾಳಿ ಬಂತು. ಹಿಂದೆಯೇ ಮಳೆ. ಕರೆಂಟು ಹೋಯಿತು. ಶೀಟಿನ ಮೇಲೆ ಬಿದ್ದ ಮಳೆಯ ಅಬ್ಬರಕ್ಕೆ ಬ್ಯಾಂಡಿನವರ ತುತ್ತೂರಿಯೂ ಕೇಳಲಿಲ್ಲ. ಹಾಡು ಹೇಳುವ ಹೆಂಗಸರ ತುಟಿ ಮಾತ್ರ ಆಡುತ್ತಿತ್ತು. ಹಾಲೆರೆಯಲು ಈಗ ಯಾರ ಸರದಿ ಎಂದು ಹೇಳಿದರೂ ಯಾರಿಗೂ ಕೇಳಿಸದು. ಒಟ್ಟಿಗೆ ಹತ್ತು ಜನ ಮುನ್ನುಗ್ಗಿದರು.

"ಟೀಚರ್, ವಿಸಿಲ್!" ಎಂದು ಬಾಯಿ ನನ್ನ ಕಿವಿಯಲ್ಲಿ ಕೂಗಿದರು.

ಊದಿದೆ. ಒಬ್ಬರು ಎರೆದು ಸರಿದರು. ಮತ್ತೆ ಊದಿದೆ. ಇನ್ನೊಬ್ಬರು ಎರೆದರು. ಮೂರನೆಯ ಸಲ ಊದಿದಾಗ ಮೆಟ್ಟಿಲಿನ ಕೆಳಗಿನಿಂದ, ಮಳೆಯನ್ನೂ ಮೀರಿ, ಅಡುಗೆಯವನ ದನಿ ಬಂತು.

"ಮೂರು ಆಯ್ತು ಬಾಯಿ! ಗ್ಯಾಸ್ ಬಂದ್ ಮಾಡಿದೆ!"

ಮೇ ತಿಂಗಳ ಕಥೆ ಅವನಿಗೆ ಯಾರು ಹೇಳಿದ್ದರೋ ಗೊತ್ತಿಲ್ಲ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮದುಮಗಳು ನಗುವಾಗ ಬಾಯೊಳಗೆ ತೆಂಗಿನ ಹಾಲು ಹೋಗಿ ಕೆಮ್ಮಿದಳು. ಆಮೇಲೆ ಬಾಯಿ ಹಾಲಿನ ಬಟ್ಟಲನ್ನು ನನ್ನ ಕೈಗೆ ಕೊಟ್ಟರು. ನಾನು ವಿಸಿಲನ್ನು ಹಾಜಿಯವರಿಗೆ ಕೊಟ್ಟೆ. ಅವರು ಊದಿದರು, ನಾನು ಎರೆದೆ.

ಮಳೆ ಕಡಿಮೆಯಾದ ಮೇಲೆ ಟಾರ್ಚ್ ಹಿಡಿದು ಕೆಳಗೆ ಹೋದೆವು. ವಾಲಿದ ತೆಂಗಿನ ಮರ ಬಾಯಿಯ ಅಂಗಳದ ನಡುವೆ, ಮದುಮಗಳ ಕುರ್ಚಿ ಇರಬೇಕಾಗಿದ್ದ ಜಾಗದಲ್ಲಿ, ಉದ್ದಕ್ಕೆ ಬಿದ್ದಿತ್ತು. ಸುತ್ತ ಕಾಯಿಗಳು ಚದುರಿದ್ದವು. ಬಾಯಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಬಹಳ ಹೊತ್ತು ಮರವನ್ನೇ ನೋಡಿದರು. ನಂತರ ಒಂದು ಕಾಯಿ ಎತ್ತಿ ಕಿವಿಯ ಬಳಿ ಅಲುಗಿಸಿದರು.

"ಇದು ಬೆಳಿಗ್ಗೆಯೇ ಬಿದ್ದಿದ್ರೆ," ಎಂದರು, "ಅಂಗಡಿಯಿಂದ ಕಾಯಿ ತರುವ ಖರ್ಚು ಉಳೀತಿತ್ತು ಟೀಚರ್."

ನಾವು ಆ ಕೆಸರಿನಲ್ಲಿ ನಿಂತು ನಕ್ಕದ್ದು ಮುಖ್ಯರಸ್ತೆಗೂ ಕೇಳಿಸಿರಬೇಕು.

ಬೆಳಿಗ್ಗೆ ಮದುವೆಗೆ ಹೊರಡುವ ಮೊದಲು ಒಮ್ಮೆ ಟೆರೇಸಿಗೆ ಹೋಗಿ ನೋಡಿದೆ. ಶೀಟಿನಿಂದ ಒಂದು ಹನಿಯೂ ಒಳಗೆ ಬಿದ್ದಿರಲಿಲ್ಲ. ಬೆತ್ತದ ಕುರ್ಚಿ ಮಾತ್ರ ತೆಂಗಿನ ಹಾಲಿಗೆ ಇನ್ನೂ ಒದ್ದೆಯಾಗಿತ್ತು.