ನ್ಯೂರೆಂಬರ್ಗಿನ ಹೆಳವ

ಪರದೇಶದಲ್ಲಿ ಬಾಡಿಗೆ ಮನೆ ಹಿಡಿದವನಿಗೆ ಆಫೀಸಿನ ಕೆಲಸ ಒಂದೇ ಇರುವುದಿಲ್ಲ, ಮನೆ ಮಾಲಕಿಯದೂ ಇರುತ್ತದೆ. ಜರ್ಮನಿ ಕಂಪ್ಯೂಟರಿನವರಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕು ಧಾರವಾಡದಿಂದ ಅಲ್ಲಿನ ನ್ಯೂರೆಂಬರ್ಗಿಗೆ ಹೋದ ನನಗೆ ಈ ಎರಡನೆಯದೇ ಜಾಸ್ತಿ ಆಯಿತು.

೧. ನಮ್ಮ ಕಡೆಯ ಪದ್ಧತಿ

ಮನೆ ನೋಡಲು ಹೋದಾಗ ಮಾಲಕಿ ಸಂಬಳ ಕೇಳಲಿಲ್ಲ. "ಇಂಗ್ಲಿಷ್ ಬರುತ್ತದೆಯೇ?" ಎಂದು ಜರ್ಮನ್‌ನಲ್ಲಿ ಕೇಳಿದಳು. ಬರುತ್ತದೆ ಅಂದೆ. ಕೀಲಿಕೈ ಕೊಟ್ಟಳು.

ಯಾಕೆಂದು ಆಮೇಲೆ ತಿಳಿಯಿತು. ಆಕೆಯ ಮುತ್ತಜ್ಜನ ಅಣ್ಣ ಹಡಗು ಹತ್ತಿ ಅಮೆರಿಕಕ್ಕೆ ನೆಲೆಸಲು ಹೋದವ, ಸುದ್ದಿಯೇ ಇಲ್ಲ. ಮನೆಯವರು ಪ್ರತಿ ಕ್ರಿಸ್‌ಮಸ್ ಊಟಕ್ಕೆ ಅವನ ಹೆಸರಿನಲ್ಲಿ ಒಂದು ತಟ್ಟೆ ಹೆಚ್ಚಿಗೆ ಇಡುತ್ತ ಬಂದಿದ್ದರು. ಈಗ ಆ ಮನೆತನದಲ್ಲಿ ಇವಳೊಬ್ಬಳೇ. "ನನ್ನವರು ಅಂತ ಒಬ್ಬರಾದರೂ ಸಿಕ್ಕರೆ ಸಾಕು" ಅನ್ನುತ್ತಿದ್ದಳು. ಕೇಳಿ ನನಗೂ ಕೆಡುಕೆನಿಸುತ್ತಿತ್ತು.

"ನಮ್ಮ ಕಡೆ ಇಷ್ಟು ಒದ್ದಾಟ ಇಲ್ಲ" ಅಂದೆ. "ಹೆಳವ ಅಂತ ಒಬ್ಬ ಎತ್ತಿನ ಮೇಲೆ ಕೂತು ಬಾಗಿಲಿಗೇ ಬರುತ್ತಾನೆ. ನಮ್ಮ ಏಳು ತಲೆಮಾರು ಹೇಳಿ, ಒಂದು ಮೊರ ಜೋಳ ಇಸ್ಕೊಂಡು ಹೋಗುತ್ತಾನೆ."

ಆಕೆ ಕೇಳಿದಳು, "ಮತ್ತೆ ಗ್ರೀನ್ ಕಾರ್ಡ್ ಆ ಹೆಳವನಿಗೆ ಕೊಡುವುದು ಬಿಟ್ಟು ನಿಮಗೆ ಯಾಕೆ ಕೊಟ್ಟರು?"

೨. ಕುದುರೆ

ಮಾಲಕಿಯ ಅಡ್ಡಹೆಸರೇ ಇದ್ದ ಅಮೆರಿಕದವರಿಗೆಲ್ಲ ನಾನು ಇ-ಮೇಲ್ ಬರೆದೆ. ಒಬ್ಬರು ನಾನೇನು ಮಾರುತ್ತಿದ್ದೇನೆ ಎಂದು ಕೇಳಿದರು. ಇನ್ನೊಬ್ಬರು, ತಮ್ಮ ಮೂಲಪುರುಷನನ್ನು ಕುದುರೆ ಕದ್ದದ್ದಕ್ಕೆ ಗಲ್ಲಿಗೇರಿಸಿದ್ದರು ಎಂದು ಹೆಮ್ಮೆಯಿಂದಲೇ ಬರೆದರು.

ಓದಿ ಹೇಳಿದೆ. "ಅವನು ನಮ್ಮವನಲ್ಲ" ಅಂದಳು ಮಾಲಕಿ.

"ಅಷ್ಟು ಖಾತ್ರಿಯಾಗಿ ಹೇಗೆ ಹೇಳುತ್ತೀರಿ?"

"ನಮ್ಮವರು ಹಂದಿ ಕಾಯುತ್ತಿದ್ದವರು. ಕುದುರೆ ಕಂಡರೆ ಓಡುತ್ತಿದ್ದರು."

೩. ಕೋಟೆ

ಕಡೆಗೂ ಒಬ್ಬ ಸಿಕ್ಕ. ಹಡಗು ಹತ್ತಿದವ ಇವನ ಮುತ್ತಜ್ಜ; ಹೆಸರು, ಬಿಟ್ಟುಬಂದ ಹಳ್ಳಿ, ಎಲ್ಲ ಸರಿಹೊಂದಿತು. ಆ ಮುತ್ತಜ್ಜ ಅಲ್ಲಿ ಕೊನೆಯವರೆಗೂ ಕ್ಷೌರದ ಅಂಗಡಿ ಇಟ್ಟುಕೊಂಡಿದ್ದ ಅಂತಲೂ ನನಗೆ ಬರೆದಿದ್ದ. ಮಾಲಕಿಗೆ ಅಷ್ಟು ಮಾತ್ರ ನಾನು ಹೇಳಲಿಲ್ಲ.

ಬೇಸಿಗೆಯಲ್ಲಿ ಆತನೇ ಬಂದ. ಇವಳಿಗೆ ಇಂಗ್ಲಿಷ್ ಬರದು, ಅವನಿಗೆ ಜರ್ಮನ್ ಬರದು, ನಡುವೆ ನಾನು. ಆತ ಕೇಕಿನ ಮುಂದೆ ಕೂತು, ಮೂರನೇ ಮಹಡಿಯ ಪುಟ್ಟ ಕೋಣೆಯನ್ನೆಲ್ಲ ನೋಡಿ ಕೇಳಿದ, "ನಮ್ಮ ಮನೆತನದ ಕೋಟೆ ಎಲ್ಲಿದೆ?"

ಅದೇ ಹೊತ್ತಿಗೆ ಇವಳೂ ಕೇಳಿದಳು, "ಅಜ್ಜ ಗಳಿಸಿದ ಸಾವಿರಾರು ಎಕರೆ ಈಗ ಯಾರು ನೋಡಿಕೊಳ್ಳುತ್ತಾರೆ?"

ಇಬ್ಬರೂ ನನ್ನ ಬಾಯಿ ನೋಡಿದರು. ನನಗೆ ನಮ್ಮ ಹೆಳವ ನೆನಪಾದ. ಅವನ ಬಾಯಲ್ಲಿ ನಮ್ಮ ಮನೆತನದವರೊಬ್ಬರೂ ಹೇಡಿಗಳಾಗಿರಲಿಲ್ಲ, ಕೇಳಿದಷ್ಟೂ ನಮ್ಮಜ್ಜಿಯ ಮೊರ ತುಂಬುತ್ತಿತ್ತು.

ಆತನಿಗೆ ಹೇಳಿದೆ, "ನಿಮ್ಮಜ್ಜನ ಹೆಸರಿನಲ್ಲಿ ಇಲ್ಲಿ ಇವತ್ತಿಗೂ ಒಂದು ತಟ್ಟೆ ಇಡುತ್ತಾರಂತೆ." ಇದು ನಿಜ.

ಇವಳಿಗೆ ಹೇಳಿದೆ, "ಸಾಯುವ ತನಕ ಅಜ್ಜ ತನ್ನ ಹಳ್ಳಿಯ ಹೆಸರೇ ಹೇಳುತ್ತಿದ್ದನಂತೆ." ಇದು ನಾನು ಕಟ್ಟಿದ್ದು.

ಇಬ್ಬರೂ ತಬ್ಬಿಕೊಂಡು ಅತ್ತರು. ಕೋಟೆ, ಎಕರೆಯ ಮಾತು ಮತ್ತೆ ಯಾರೂ ಎತ್ತಲಿಲ್ಲ. ಆ ಕ್ರಿಸ್‌ಮಸ್‌ಗೆ ಆತ ಮತ್ತೆ ಬಂದು ಆ ತಟ್ಟೆಯಲ್ಲೇ ಉಂಡ.

ಬೇಸಿಗೆಯಲ್ಲಿ ಅವರು ತಬ್ಬಿಕೊಂಡ ಮರುದಿನವೇ ಮಾಲಕಿ ನನ್ನ ಬಾಗಿಲಲ್ಲಿ ಒಂದು ಚೀಲ ಆಲೂಗಡ್ಡೆ ಇಟ್ಟಿದ್ದಳು. ಫೋನಿನಲ್ಲಿ ಅವ್ವನಿಗೆ ಎಲ್ಲ ಹೇಳಿ, "ಇಲ್ಲೂ ಒಬ್ಬ ಹೆಳವ ಆಗ್ಯಾನವ್ವಾ" ಅಂದೆ.

ಅವ್ವ ಕೇಳಿದಳು, "ಹೌದೇನು? ಮತ್ತ ಎತ್ತಿಗೆ ಏನ್ ಮಾಡಿದಿ?"

"ಸದ್ಯಕ್ಕ ಸೈಕಲ್ ಅದ."